ಜಾಹೀರಾತಿನ ಅಜ್ಜ–ಅಜ್ಜಿ

ಯಾದಗಿರಿ, ಶಹಾಪುರ, ಸುರಪುರಗಳು ಸೇರಿದ್ದ ಅಂದಿನ ಗುಲಬರ್ಗಾ ಜಿಲ್ಲೆಯ ಹಳ್ಳಿಗಳಿಗೆ 1975ರಲ್ಲೇ ಉಪಗ್ರಹದ ಮೂಲಕ ಟಿ.ವಿ. ಬಂತು. ಅದರಲ್ಲಿ ಬೇಸಾಯವಿತ್ತು, ಆರೋಗ್ಯವಿತ್ತು, ಸೋಪು ಮಾರುವವರಿರಲಿಲ್ಲ. ಮುಂದೆ ಜಾಹೀರಾತಿಗೆ ಎಂಥ ಬಲ ಬಂತೆಂಬುದಕ್ಕೆ ಭರತನಾಟ್ಯದ ಧನಂಜಯನ್–ಶಾಂತಾ ದಂಪತಿಯೇ ಸಾಕ್ಷಿ.

ಕಾಸರಗೋಡಿನಿಂದ ತೆಂಕಣ ಪಯ್ಯನ್ನೂರಿನ ಧನಂಜಯನ್ 1953ರಲ್ಲಿ ಮದರಾಸಿನ ಕಲಾಕ್ಷೇತ್ರ ಸೇರಿದರು. 1968ರಲ್ಲಿ ದಂಪತಿ ‘ಭರತ ಕಲಾಂಜಲಿ’ ಕಟ್ಟಿದರು, 2009ರಲ್ಲಿ ಪದ್ಮಭೂಷಣರಾದರು. ನೃತ್ಯಸಭೆಯತ್ತ ಸುಳಿಯದವರಿಗೆ ಇದೆಲ್ಲ ಎಲ್ಲಿ ಗೊತ್ತು? 2017ರ ಐ.ಪಿ.ಎಲ್. ಪಂದ್ಯಗಳ ನಡುವೆ, ವೊಡಾಫೋನ್ ಜಾಹೀರಾತಿನಲ್ಲಿ ಇಬ್ಬರೂ ಗೋವಾದಲ್ಲಿ ಸ್ಕೂಟರು ಹತ್ತಿದರು. ಗಂಡನಿಗೆ 78ರ ಆಸುಪಾಸು, ಹೆಂಡತಿಗೂ 70 ದಾಟಿತ್ತು. ಮನೆಮನೆಗೂ ಬೇಕಾದ ಅಜ್ಜ–ಅಜ್ಜಿಯಾದರು.

ಅರ್ಧ ಶತಮಾನಕ್ಕಿಂತ ಅರ್ಧ ನಿಮಿಷವೇ ದೊಡ್ಡದಾಯಿತೇ ಎಂದು ಮರುಗಬೇಕಿಲ್ಲ. ಕಣ್ಣಂಚಿನಲ್ಲೇ ಅಕ್ಕರೆ ತೋರುವ ಆ ಅಭಿನಯ ಜಾಹೀರಾತಿನವರು ಕಲಿಸಿದ್ದಲ್ಲ.