ಎರೆ ಮೀನಿಗೆ ಎಂಥ ಬೀಸುಬಲೆ?

ಮಳೆಗಾಲ ಕಳೆದು ಕೆರೆಯ ನೀರು ತಿಳಿಯಾಗುವ ಹೊತ್ತಿಗೆ ನಮ್ಮ ಬಯಲುಸೀಮೆಯ ಹಳ್ಳಿಗಳಲ್ಲಿ ಗಾಳದ ಕೆಲಸ ಶುರುವಾಗುತ್ತದೆ. ಹಗಲೆಲ್ಲ ಹೊಲಗದ್ದೆಯ ದುಡಿಮೆ. ಸಂಜೆ ಕೆರೆಯಂಚಿನಲ್ಲಿ ಗೂಟ ನೆಟ್ಟು ಗಾಳ ಕಟ್ಟಿ ಬರುವುದು, ಬೆಳಗಿನ ಜಾವ ಹೋಗಿ ನೋಡುವುದು. ಅದೃಷ್ಟವಿದ್ದರೆ ಒಂದೆರಡು ಕೊರವ ಮೀನು. ಇದನ್ನೇ ಕೆಲವು ಕಡೆ ಕುಚ್ಚು ಮೀನು ಎನ್ನುತ್ತಾರೆ. ಮುಳ್ಳು ಕಡಿಮೆ, ರುಚಿ ಹೆಚ್ಚು. ಇದು ಮೇಲಿನ ಗಾಳಿಯನ್ನೂ ಉಸಿರಾಡಬಲ್ಲ ಮೀನು. ಆದ್ದರಿಂದ ನೀರಿನಿಂದ ತೆಗೆದ ಮೇಲೂ ಬಹಳ ಹೊತ್ತು ಬದುಕಿರುತ್ತದೆ. ಸಂತೆಗೆ ಜೀವಂತವಾಗಿ ಒಯ್ದರೆ ಒಳ್ಳೆಯ ಬೆಲೆ ಬರುತ್ತದೆ.

ಈ ಕೊರವ ಅಲುಗಾಡುವ ಬೇಟೆಯ ಮೇಲೆ ನುಗ್ಗುವ ಜಾತಿಯದು. ಗಾಳಕ್ಕೆ ಸತ್ತ ಮೀನು ಸಿಕ್ಕಿಸುವುದಕ್ಕಿಂತ ಜೀವವಿರುವ ಸಣ್ಣ ಮೀನು ಸಿಕ್ಕಿಸಿದರೆ ಬೇಗ ಕಚ್ಚುತ್ತದೆ. ಹಾಗಾದರೆ ಸಂಜೆ ಗಾಳ ಕಟ್ಟುವ ಹೊತ್ತಿಗೆ ನಮ್ಮ ಗಡಿಗೆಯಲ್ಲಿ ಹತ್ತಿಪ್ಪತ್ತು ಎರೆ ಮೀನು ಬದುಕಿರಬೇಕು. ಅವನ್ನು ಹಿಡಿಯುವ ಸಾಧನ ಬೀಸುಬಲೆ. ಬಲೆಗೆ ಹಣ ಹಾಕುವ ಮೊದಲು ಏನೇನು ನೋಡಬೇಕು ಎಂಬುದೇ ಇವತ್ತಿನ ಮಾತು.

“ಬಲೆ ಅಂದರೆ ಬಲೆ, ಅದರಲ್ಲಿ ಆರಿಸೋದೇನು?” ಅಂತ ನೀವು ಕೇಳಬಹುದು. ಊಟದ ಮೀನು ಹಿಡಿಯುವ ಬಲೆಗೆ ಮೀನು ಸಿಕ್ಕಿದರೆ ಸಾಕು. ಅದು ಬಲೆಯಲ್ಲೇ ಸತ್ತರೂ ನಷ್ಟವಿಲ್ಲ. ಎರೆಯ ಬಲೆ ಹಾಗಲ್ಲ. ಬೆಳಗ್ಗೆ ನೂರು ಮೀನು ಹಿಡಿದು ಮಧ್ಯಾಹ್ನಕ್ಕೆ ತೊಂಬತ್ತು ಸತ್ತರೆ ಆ ಬಲೆಯಿಂದ ಬಂದ ಲಾಭ ಹತ್ತೇ ಮೀನು. ಮೀನು ಗಾಯವಿಲ್ಲದೆ ಮೇಲೆ ಬರುವ ಬಲೆಯೇ ನಮಗೆ ಬೇಕಾದ ಬಲೆ. ಈ ಒಂದು ಮಾತನ್ನು ನೆನಪಿನಲ್ಲಿಟ್ಟುಕೊಂಡು ಅಂಗಡಿಗೆ ಹೋಗಿ.

ಮೊದಲು ನೋಡಬೇಕಾದ್ದು ಬಲೆಯ ಕಣ್ಣು. ಕಣ್ಣು ದೊಡ್ಡದಾದರೆ ಸಣ್ಣ ಮೀನಿನ ತಲೆ ಅದರೊಳಗೆ ತೂರುತ್ತದೆ. ಮುಂದೆ ಹೋಗಲು ಮೈ ಬಿಡುವುದಿಲ್ಲ, ಹಿಂದೆ ಬರಲು ಕಿವಿರಿನ ಮುಚ್ಚಳ ಬಿಡುವುದಿಲ್ಲ. ಬಿಡಿಸುವಾಗ ಕಿವಿರು ಹರಿದು ರಕ್ತ ಬರುತ್ತದೆ. ಅಂಥ ಮೀನನ್ನು ಎಷ್ಟು ಒಳ್ಳೆಯ ನೀರಿಗೆ ಬಿಟ್ಟರೂ ಉಳಿಯುವುದು ಕಷ್ಟ. ಇನ್ನು ಕಣ್ಣು ತೀರ ಸಣ್ಣದಾದರೆ ಬಲೆ ನೀರಿನಲ್ಲಿ ನಿಧಾನವಾಗಿ ಇಳಿಯುತ್ತದೆ. ಅಷ್ಟರೊಳಗೆ ಮೀನು ಪರಾರಿ. ಕೆಸರನ್ನೂ ಪಾಚಿಯನ್ನೂ ತುಂಬಿಕೊಂಡು ಭಾರವಾಗಿ ಬರುತ್ತದೆ. ತೀರ ಎಳೆಯ ಮರಿಗಳನ್ನೂ ಬಾಚಿಕೊಂಡು ಬರುತ್ತದೆ.

ಹಾಗಾದರೆ ಸರಿಯಾದ ಕಣ್ಣು ಯಾವುದು? ಕೊರವದ ಗಾಳಕ್ಕೆ ಸಾಮಾನ್ಯವಾಗಿ ಎರಡೂವರೆಯಿಂದ ಮೂರು ಅಂಗುಲ ಉದ್ದದ ಪಕ್ಕೆ ಮೀನಿನಂಥ ಸಣ್ಣ ಮೀನು ಸಾಕು. ಇವಕ್ಕೆ ಎಳೆದು ಹಿಡಿದಾಗ ಗಂಟಿನಿಂದ ಗಂಟಿಗೆ ಅರ್ಧ ಅಂಗುಲದಿಂದ ಮುಕ್ಕಾಲು ಅಂಗುಲದೊಳಗೆ, ಅಂದರೆ ಸುಮಾರು 13ರಿಂದ 19 ಮಿಲಿಮೀಟರ್ ಇರುವ ಕಣ್ಣು ಒಪ್ಪುತ್ತದೆ.

ಇಲ್ಲಿ ಒಂದು ಎಚ್ಚರಿಕೆ. ಕಣ್ಣನ್ನು ಅಳೆಯುವ ರೀತಿ ಎರಡು. ಕೆಲವರು ಕಣ್ಣಿನ ಒಂದು ಪಕ್ಕವನ್ನು ಮಾತ್ರ ಅಳೆದು ಹೇಳುತ್ತಾರೆ. ಕೆಲವರು ಕಣ್ಣನ್ನು ಉದ್ದಕ್ಕೆ ಎಳೆದು ಎದುರುಬದುರಿನ ಗಂಟುಗಳ ನಡುವಿನ ದೂರ ಹೇಳುತ್ತಾರೆ. ಎರಡನೆಯದು ಮೊದಲನೆಯದರ ಎರಡರಷ್ಟು. “ಅರ್ಧ ಅಂಗುಲದ ಕಣ್ಣು” ಎಂದು ಕೇಳಿ ತಂದು, ಮನೆಯಲ್ಲಿ ಎಳೆದು ನೋಡಿದರೆ ಒಂದು ಅಂಗುಲ! ಆದ್ದರಿಂದ ಬಾಯಿಮಾತು ನಂಬಬೇಡಿ. ಜೇಬಿನಲ್ಲಿ ಅಳತೆಪಟ್ಟಿ ಇಟ್ಟುಕೊಂಡು ಹೋಗಿ, ನೀವೇ ಎಳೆದು ಅಳೆಯಿರಿ. ಇನ್ನೂ ಸುಲಭದ ಪರೀಕ್ಷೆ ಇದೆ. ನಿಮಗೆ ಬೇಕಾದ ಗಾತ್ರದ ಒಂದು ಸತ್ತ ಮೀನನ್ನು ಎಲೆಯಲ್ಲಿ ಸುತ್ತಿ ಒಯ್ಯಿರಿ. ಅದರ ತಲೆಯನ್ನು ಕಣ್ಣಿಗೆ ಒತ್ತಿ ನೋಡಿ. ಮೂತಿ ಮಾತ್ರ ಹೋಗಿ ನಿಂತರೆ ಬಲೆ ಸರಿ. ಕಿವಿರಿನವರೆಗೆ ತೂರಿದರೆ ಆ ಬಲೆ ನಿಮಗೆ ಬೇಡ.

ಎರಡನೆಯದು ಬಲೆಯ ಅಳತೆ. ತುದಿಯಿಂದ ಸೀಸದ ಅಂಚಿನವರೆಗೆ ಎಷ್ಟು ಮೊಳ ಎಂದು ಲೆಕ್ಕ. ನಾಲ್ಕು ಮೊಳದ, ಅಂದರೆ ಆರು ಅಡಿಯ ಬಲೆ ಚೆನ್ನಾಗಿ ಬಿಚ್ಚಿಕೊಂಡರೆ ಸುಮಾರು 113 ಚದರ ಅಡಿ ನೀರನ್ನು ಮುಚ್ಚುತ್ತದೆ. ಆರು ಮೊಳದ ಬಲೆ 254 ಚದರ ಅಡಿ ಮುಚ್ಚುತ್ತದೆ. “ಹಾಗಾದರೆ ದೊಡ್ಡದೇ ಒಳ್ಳೆಯದಲ್ಲವೆ?” ಬೀಸಲು ಬಂದರೆ ಒಳ್ಳೆಯದು. ಬಾರದೆ ಹೋದರೆ ದೊಡ್ಡ ಬಲೆ ಅರ್ಧ ಮಡಚಿಕೊಂಡು ಬೀಳುತ್ತದೆ, ಸಣ್ಣ ಬಲೆಯಷ್ಟು ಜಾಗವನ್ನೂ ಮುಚ್ಚುವುದಿಲ್ಲ. ಹೊಸದಾಗಿ ಕಲಿಯುವವರಿಗೆ ಮೂರು ಮೊಳ, ಕೈ ಪಳಗಿದವರಿಗೆ ನಾಲ್ಕು ಮೊಳ ಎರೆಯ ಕೆಲಸಕ್ಕೆ ಧಾರಾಳವಾಗಿ ಸಾಕು. ಎರೆ ಮೀನು ಇರುವುದು ಮೊಣಕಾಲು, ತೊಡೆಮಟ್ಟದ ನೀರಿನಲ್ಲಿ. ಬಲೆಯ ಉದ್ದಕ್ಕಿಂತ ನೀರು ಆಳವಾಗಿದ್ದರೆ ತಳ ಮುಟ್ಟುವ ಮೊದಲೇ ಬಲೆ ಮುಚ್ಚಿಕೊಳ್ಳುತ್ತದೆ. ಅಂಥಲ್ಲಿ ಬೀಸಿ ಪ್ರಯೋಜನವಿಲ್ಲ.

ಮೂರನೆಯದು ಅಂಚಿನ ಭಾರ. ನಾಲ್ಕು ಮೊಳದ ಬಲೆಯ ಅಂಚು ಸುತ್ತಲೂ ಸುಮಾರು 25 ಮೊಳ ಆಗುತ್ತದೆ. ಅದಕ್ಕೆ ಒಟ್ಟು ಮೂರು ಕಿಲೋ ಆಸುಪಾಸು ಭಾರವಿದ್ದರೆ, ಅಂದರೆ ಮೊಳಕ್ಕೆ 120 ಗ್ರಾಂನಂತೆ ಇದ್ದರೆ, ಬಲೆ ತಡಮಾಡದೆ ಇಳಿಯುತ್ತದೆ. ಭಾರ ಕಡಿಮೆಯಾದರೆ ಅಂಚು ತಳಕ್ಕೆ ಕೂರುವುದಿಲ್ಲ, ಮೀನು ಅಡಿಯಿಂದ ನುಸುಳುತ್ತದೆ. ಅತಿಯಾದರೆ ಅಂಚು ಕೆಸರಿನಲ್ಲಿ ಹೂತು, ಎಳೆಯುವಾಗ ಕೆಸರೆಲ್ಲ ಕದಡಿ ಮೀನಿನ ಕಿವಿರಿಗೆ ತುಂಬುತ್ತದೆ. ಗುಂಡುಗಳ ನಡುವಿನ ಅಂತರವೂ ಒಂದೇ ಸಮನಾಗಿರಬೇಕು. ಒಂದು ಕಡೆ ಗುಂಡು ಒತ್ತಾಗಿ, ಇನ್ನೊಂದು ಕಡೆ ವಿರಳವಾಗಿದ್ದರೆ ಬಲೆ ಓರೆಯಾಗಿ ಬೀಳುತ್ತದೆ.

ಭಾರದ ಮಾತು ಬಂದಾಗ ಇನ್ನೊಂದು ವಿಷಯ ಹೇಳಲೇಬೇಕು. ಬೀಸುವಾಗ ಅಂಚನ್ನು ಹಲ್ಲಿನಲ್ಲಿ ಕಚ್ಚಿ ಹಿಡಿಯುವ ರೂಢಿ ಬಹಳ ಜನರಲ್ಲಿದೆ. ಸೀಸ ವಿಷ. ದಿನವೂ ಸ್ವಲ್ಪ ಸ್ವಲ್ಪವಾಗಿ ಹೊಟ್ಟೆಗೆ ಸೇರಿ ಮೈಯಲ್ಲಿ ಉಳಿಯುತ್ತದೆ. ಮಕ್ಕಳ ಬುದ್ಧಿಯ ಬೆಳವಣಿಗೆಗೆ ಕೆಡುಕು ಮಾಡುತ್ತದೆ. ಅಂಚನ್ನು ಮೊಣಕೈ ಮೇಲೆ ಅಥವಾ ಹೆಗಲ ಮೇಲೆ ಹಾಕಿಕೊಂಡು ಬೀಸುವುದನ್ನು ಕಲಿಯಿರಿ. ಸಾಧ್ಯವಾದರೆ ಸೀಸದ ಬದಲು ಕಬ್ಬಿಣದ ಸರಪಳಿ ಹಾಕಿದ ಬಲೆ ಕೊಳ್ಳಿ. ಸೀಸದ ಬಲೆಯನ್ನು ಅಡಿಗೆಮನೆಯಲ್ಲಿಯೂ ಮಗುವಿನ ತೊಟ್ಟಿಲ ಬಳಿಯೂ ನೇತುಹಾಕಬೇಡಿ. ಮುಟ್ಟಿದ ಮೇಲೆ ಕೈತೊಳೆದು ಊಟಕ್ಕೆ ಕೂರಿ. ತಾಯಂದಿರು ಇದನ್ನು ಗಟ್ಟಿಯಾಗಿ ಹೇಳಬೇಕು.

ನಾಲ್ಕನೆಯದು ನೂಲು. ಹಿಂದೆ ಹತ್ತಿಯ ನೂಲಿನ ಬಲೆ ಹೆಣೆದು, ಕೊಳೆಯದಿರಲೆಂದು ಮರದ ತೊಗಟೆಯ ಕಷಾಯದಲ್ಲಿ ಅದ್ದಿ ಒಣಗಿಸುತ್ತಿದ್ದರು. ಈಗ ಎಲ್ಲೆಲ್ಲೂ ನೈಲಾನ್. ಅದರಲ್ಲಿ ಎರಡು ಬಗೆ. ಒಂದೇ ಎಳೆಯದು ಗಾಜಿನಂತೆ ತಿಳಿಯಾಗಿರುತ್ತದೆ, ಬೇಗ ಇಳಿಯುತ್ತದೆ, ಆದರೆ ಬಿರುಸು. ಹಲವು ಎಳೆ ಹೊಸೆದದ್ದು ಮೆತ್ತಗಿರುತ್ತದೆ, ಚೆನ್ನಾಗಿ ಬಿಚ್ಚಿಕೊಳ್ಳುತ್ತದೆ, ಆದರೆ ನೀರು ಹೀರಿ ಸ್ವಲ್ಪ ನಿಧಾನ. ಕೆರೆಯ ಅಂಚಿನ ಕದಡಿದ ನೀರಿನಲ್ಲಿ ಎರೆ ಹಿಡಿಯುವವರಿಗೆ ಮೆತ್ತನೆಯದೇ ಲೇಸು. ಮೀನಿನ ಮೈ ತರಚುವುದು ಕಡಿಮೆ. ಗಂಟಿಲ್ಲದೆ ನೇಯ್ದ ಬಲೆ ಸಿಕ್ಕರೆ ಇನ್ನೂ ಉತ್ತಮ. ಗಂಟು ಉಜ್ಜಿದರೆ ಹುರುಪೆ ಉದುರುತ್ತದೆ, ಲೋಳೆ ಹೋಗುತ್ತದೆ. ಲೋಳೆ ಹೋದ ಮೀನಿಗೆ ರೋಗ ಬೇಗ ತಗಲುತ್ತದೆ.

ಐದನೆಯದು ಬಲೆ ಮುಚ್ಚುವ ಬಗೆ. ಒಂದು ಬಗೆಯಲ್ಲಿ ಅಂಚನ್ನು ಒಳಕ್ಕೆ ಮಡಚಿ ಸುತ್ತಲೂ ಚೀಲದಂತೆ ಮಾಡಿರುತ್ತಾರೆ. ಇನ್ನೊಂದರಲ್ಲಿ ಅಂಚಿನಿಂದ ಹಲವು ದಾರಗಳು ಹೊರಟು, ನಡುವಿನ ಬಳೆಯ ಮೂಲಕ ಹಾದು ಕೈಹಗ್ಗಕ್ಕೆ ಸೇರಿರುತ್ತವೆ. ಹಗ್ಗ ಎಳೆದರೆ ಅಂಚೆಲ್ಲ ಕೂಡಿ ಬಲೆ ಗಂಟುಮೂಟೆಯಂತಾಗುತ್ತದೆ. ಚೀಲದ ಬಲೆಯಲ್ಲಿ ಮೀನನ್ನು ಒಂದೊಂದಾಗಿ ಕೈಹಾಕಿ ತೆಗೆಯಬೇಕು. ದಾರದ ಬಲೆಯಲ್ಲಿ ಬಳೆ ಹಿಡಿದು ಎತ್ತಿ ದಾರ ಸಡಿಲಿಸಿದರೆ ಮೀನೆಲ್ಲ ಕೈ ಸೋಕದೆ ನೀರಿನ ಗಡಿಗೆಗೆ ಇಳಿಯುತ್ತವೆ. ಜೀವಂತ ಎರೆಗೆ ದಾರದ ಬಲೆಯೇ ಅನುಕೂಲ. ಮುಳ್ಳುಕೊರಡು ಹೆಚ್ಚಿರುವ ಕೆರೆಯಲ್ಲಿ ಮಾತ್ರ ದಾರಗಳು ಸಿಕ್ಕಿಕೊಳ್ಳುತ್ತವೆ. ಅಲ್ಲಿ ಚೀಲದ ಬಲೆಯೇ ಆಗಬೇಕು.

ಕೊಳ್ಳುವ ಮೊದಲು ಬಲೆಯ ತುದಿಯನ್ನು ಮರದ ಕೊಂಬೆಗೆ ಕಟ್ಟಿ ತೂಗುಬಿಡಿ. ಅಂಚು ಸುತ್ತಲೂ ಒಂದೇ ಮಟ್ಟದಲ್ಲಿ ನಿಂತರೆ ಹೆಣಿಗೆ ಸರಿ. ಒಂದು ಕಡೆ ಮೇಲೆ, ಒಂದು ಕಡೆ ಕೆಳಗೆ ಇದ್ದರೆ ಬಿಡಿ. ಆಮೇಲೆ ಹುಲ್ಲಿನ ಮೇಲೆ ಒಂದು ಸಲ ಬೀಸಿಸಿ ನೋಡಿ. ದುಂಡಗೆ ಬಿದ್ದರೆ ಹಣ ಕೊಡಿ. ಕೈಹಗ್ಗದ ಕುಣಿಕೆ ಮಣಿಕಟ್ಟಿಗೆ ಸಡಿಲವಾಗಿರಲಿ. ಬಲೆ ಕೊರಡಿಗೆ ಸಿಕ್ಕಿದಾಗ ಕೈ ಬಿಡಿಸಿಕೊಳ್ಳಲು ಬರಬೇಕು. ಈಜು ಬಾರದವರು ಕೆರೆಯ ಗುಂಡಿಯ ಬಳಿ, ತೂಬಿನ ಬಳಿ ಬೀಸಲೇಬಾರದು.

ಇನ್ನು ಬಲೆಗಿಂತ ದೊಡ್ಡ ಮಾತು. ಎರೆಗೆ ಆಗುವ ಮೂರು ಅಂಗುಲದ ಮೀನಿನಷ್ಟೇ ಗಾತ್ರದ ಇನ್ನೊಂದು ಮೀನು ಅದೇ ಕೆರೆಯಲ್ಲಿದೆ. ಅದು ಊರಿನ ಹಣ ಕೊಟ್ಟು ತಂದು ಬಿಟ್ಟ ಕಾಟ್ಲ, ರೋಹು, ಮೃಗಾಲ್ ಮರಿ. ಒಳ್ಳೆಯ ಮೇವಿರುವ ಕೆರೆಯಲ್ಲಿ ಅಂಥ ಮರಿ ಬದುಕಿದರೆ ಒಂದು ವರ್ಷದಲ್ಲಿ ಹೆಚ್ಚುಕಡಿಮೆ ಒಂದು ಕಿಲೋ ತೂಗುತ್ತದೆ. ಅದನ್ನು ಗಾಳಕ್ಕೆ ಸಿಕ್ಕಿಸುವುದೆಂದರೆ ಬಿತ್ತನೆಯ ರಾಗಿಯನ್ನು ಹುರಿದು ತಿಂದಂತೆ. ಸಣ್ಣ ಕಣ್ಣಿನ ಬಲೆಗೆ ಈ ಭೇದ ಗೊತ್ತಿಲ್ಲ, ನಮಗೆ ಗೊತ್ತಿರಬೇಕು. ತಲೆ ದೊಡ್ಡದಾಗಿ ಬಾಯಿ ಮೇಲಕ್ಕೆ ತಿರುಗಿದ್ದರೆ ಅದು ಕಾಟ್ಲ. ಯಾವ ಮೀನೆಂದು ಅನುಮಾನ ಬಂದರೆ ಕೂಡಲೇ ನೀರಿಗೆ ಬಿಡಿ. ಮರಿ ಬಿತ್ತಿದ ಮೇಲೆ ಎರಡು ಮೂರು ತಿಂಗಳು ಕೆರೆಯಲ್ಲಿ ಎರೆಯ ಬಲೆ ಬೀಸದೆ, ಕಾಲುವೆ, ಹಳ್ಳ, ಗದ್ದೆಯ ಬಸಿಗಾಲುವೆಗಳಲ್ಲಿ ಎರೆ ಹಿಡಿಯಿರಿ. ಕೆರೆಯಲ್ಲಿ ಮೀನು ಹಿಡಿಯುವ ಹಕ್ಕು ಯಾರಿಗಿದೆ ಎಂಬುದನ್ನು ಗ್ರಾಮ ಪಂಚಾಯಿತಿಯಲ್ಲಿಯೂ ಮೀನುಗಾರಿಕೆ ಇಲಾಖೆಯಲ್ಲಿಯೂ ಮೊದಲೇ ವಿಚಾರಿಸಿ, ಒಪ್ಪಿಗೆ ಪಡೆದು ಇಳಿಯಿರಿ. ಆಮೇಲೆ ಜಗಳಕ್ಕೆ ಎಡೆಯಿರುವುದಿಲ್ಲ.

ಮಳೆಗಾಲದಲ್ಲಿ ಹುಲ್ಲುಜೊಂಡಿನ ನಡುವೆ ಕೆಂಪಗೆ ಗುಂಪಾಗಿ ಆಡುವ ಮರಿಗಳನ್ನು ನೋಡಿರುತ್ತೀರಿ. ಅವು ಕೊರವದ ಮರಿಗಳು. ತಂದೆ ತಾಯಿ ಮೀನು ಅಲ್ಲೇ ಅಡಿಯಲ್ಲಿ ಕಾವಲಿರುತ್ತವೆ. ಆ ಗುಂಪಿನ ಮೇಲೆ ಬಲೆ ಬೀಸಬೇಡಿ, ಕಾವಲಿರುವ ಮೀನನ್ನೂ ಹಿಡಿಯಬೇಡಿ. ಕಾವಲು ಹೋದರೆ ಮರಿಗಳು ಬೇರೆ ಮೀನಿನ ಪಾಲಾಗುತ್ತವೆ. ಮುಂದಿನ ವರ್ಷ ನಿಮ್ಮ ಗಾಳಕ್ಕೆ ಬರಬೇಕಾದವು ಅವೇ ಅಲ್ಲವೆ?

ಒಂದು ಕೆರೆಯ ಎರೆಯನ್ನು ಇನ್ನೊಂದು ಕೆರೆಗೆ ಒಯ್ದು ಉಳಿದದ್ದನ್ನು ಅಲ್ಲೇ ಚೆಲ್ಲಬೇಡಿ. ಜಿಲೇಬಿ ಎನ್ನುವ ತಿಲಾಪಿಯಾ 1952ರಲ್ಲಿ ಹೊರದೇಶದಿಂದ ನಮ್ಮ ದೇಶಕ್ಕೆ ಬಂದದ್ದು. ಹೊಕ್ಕ ಕೆರೆಯಲ್ಲೆಲ್ಲ ಬೇಗ ಬೇಗ ಮರಿಮಾಡಿ ಉಳಿದ ಮೀನಿನ ಮೇವನ್ನು ಹಂಚಿಕೊಳ್ಳುತ್ತದೆ. ಆಫ್ರಿಕನ್ ಕ್ಯಾಟ್‌ಫಿಶ್ ಸಾಕುವುದಕ್ಕೆ ಸರಕಾರದ ನಿಷೇಧವೇ ಇದೆ. ಎರೆಯ ಗಡಿಗೆಯಲ್ಲಿ ಇವು ಊರಿಂದೂರಿಗೆ ಹೋಗದಂತೆ ನೋಡಿಕೊಳ್ಳುವುದು ನಮ್ಮ ಕೈಲಿದೆ. ಉಳಿದ ಎರೆಯನ್ನು ಹಿಡಿದ ನೀರಿಗೇ ಬಿಡಿ, ಇಲ್ಲವೆ ಸಾರು ಮಾಡಿ.

ಕಡೆಯದಾಗಿ ಎರೆ ಬದುಕಿಸುವ ಉಪಾಯ. ಬೆಳಗಿನ ತಂಪಿನಲ್ಲಿ ಹಿಡಿಯಿರಿ. ಅಗಲ ಬಾಯಿಯ ಮಣ್ಣಿನ ಗಡಿಗೆಗೆ ಅದೇ ಕೆರೆಯ ನೀರು ತುಂಬಿ, ಲೀಟರಿಗೆ ಒಂದರಂತೆ ಮೀನು ಬಿಟ್ಟು ನೆರಳಿನಲ್ಲಿಡಿ. ಗಡಿಗೆ ಬೆವರುವುದರಿಂದ ನೀರು ತಣ್ಣಗಿರುತ್ತದೆ. ತಣ್ಣೀರಿನಲ್ಲಿ ಮೀನಿಗೆ ಬೇಕಾದ ಪ್ರಾಣವಾಯು ಹೆಚ್ಚು ನಿಲ್ಲುತ್ತದೆ. ಮೀನು ಮೇಲೆ ಬಂದು ಬಾಯಿ ಬಡಿದರೆ ಅರ್ಧ ನೀರು ಬದಲಿಸಿ. ಔಷಧಿ ಹಾಕಿದ ನಲ್ಲಿ ನೀರು ಬೇಡ. ಮುಟ್ಟುವಾಗ ಕೈ ಒದ್ದೆಯಾಗಿರಲಿ.

ಬಲೆಯ ಕೆಲಸ ಮುಗಿದ ಮೇಲೆ ಸಿಹಿನೀರಿನಲ್ಲಿ ತೊಳೆದು ನೆರಳಿನಲ್ಲಿ ಒಣಗಿಸಿ. ನೈಲಾನ್ ಕೊಳೆಯುವುದಿಲ್ಲ ನಿಜ, ಆದರೆ ಬಿಸಿಲಿಗೆ ಬಲ ಕಳೆದುಕೊಳ್ಳುತ್ತದೆ. ಕರಾವಳಿಯಲ್ಲಿ, ಅಘನಾಶಿನಿಯಂಥ ಅಳಿವೆಗಳ ಉಪ್ಪುನೀರಿನಲ್ಲಿ ಬೀಸುವವರು ತೊಳೆಯುವುದನ್ನು ಮರೆತರೆ ಸರಪಳಿ ತುಕ್ಕು ಹಿಡಿಯುತ್ತದೆ. ಹರಿದ ಕಣ್ಣನ್ನು ಅಂದೇ ಹೊಲಿಯಿರಿ. ಇಲಿಗೆ ಸಿಗದಂತೆ ತೂಗುಹಾಕಿ.

ಕಣ್ಣು ನೀವೇ ಅಳೆದು, ಅಂಚು ತೂಗಿ, ನೂಲು ಮುಟ್ಟಿ ನೋಡಿ ಬಲೆ ಕೊಂಡರೆ ಅದು ವರ್ಷಗಟ್ಟಲೆ ಮನೆಗೆ ನೆರವಾಗುತ್ತದೆ. ಕೆರೆಯ ಬೀಜದ ಮರಿಯನ್ನು ಉಳಿಸಿ ಬೀಸಿದರೆ ಊರಿಗೂ ನೆರವಾಗುತ್ತದೆ. ಈ ಸಲ ಸಂತೆಗೆ ಹೋಗುವಾಗ ಅಳತೆಪಟ್ಟಿಯನ್ನು ಮರೆಯದೆ ಒಯ್ಯಿರಿ.