ಕೂಲಿ ಬೇರೆ, ಖುಷಿ ಬೇರೆ, ಲಂಚ ಬೇರೆ

(ಪುಣಜನೂರಿನಲ್ಲಿ ಮಹಿಳಾ ಸ್ವಸಹಾಯ ಸಂಘಗಳ ಸದಸ್ಯೆಯರಿಗಾಗಿ ನೀಡಿದ ಉಪನ್ಯಾಸ)



ಉಳಿತಾಯ, ಸಾಲ, ಮರುಪಾವತಿ ಬಗ್ಗೆ ನಾವು ಪ್ರತಿ ಸಭೆಯಲ್ಲೂ ಮಾತಾಡ್ತೀವಿ. ಆದರೆ ಯಾವ ಲೆಕ್ಕದ ಪುಸ್ತಕಕ್ಕೂ ಸೇರದೆ ನಮ್ಮ ಕೈ ಬಿಟ್ಟು ಹೋಗುವ ಹಣ ಒಂದಿದೆ. ಒಮ್ಮೆ ಹತ್ತು ರೂಪಾಯಿ, ಒಮ್ಮೆ ಐವತ್ತು, ಕೆಲವು ಸಲ ಐನೂರು. ಇದನ್ನು ಟಿಪ್ಸ್ ಅಂತಾರೆ, ಭಕ್ಷೀಸು ಅಂತಾರೆ, ಇನಾಮು, ಕಾಫಿ ಕಾಸು, 'ಖುಷಿ' ಅಂತಲೂ ಅಂತಾರೆ. ಕೂದಲು ಕತ್ತರಿಸುವವರು, ಬಾಣಂತಿಗೆ ನೀರು ಹಾಕುವವರು, ಆಸ್ಪತ್ರೆಯ ಆಯಾ, ಬ್ಯೂಟಿ ಪಾರ್ಲರಿನ ಹುಡುಗಿ, ಮನೆಗೆಲಸದ ಹೆಣ್ಣುಮಗಳು, ಹೀಗೆ ನಮ್ಮ ಮೈಮುಟ್ಟಿ ಅಥವಾ ಮನೆಯೊಳಗೆ ಬಂದು ಸೇವೆ ಮಾಡುವವರಿಗೆ ಈ ಹಣ ಹೋಗುತ್ತದೆ. ನಾವು ಕೊಡುವವರೂ ಹೌದು, ನಮ್ಮಲ್ಲಿ ಅನೇಕರು ಪಡೆಯುವವರೂ ಹೌದು. ಆದ್ದರಿಂದ ಎರಡೂ ಕಡೆಯಿಂದ ಯೋಚನೆ ಮಾಡೋಣ.

ಹಿಂದೆ ಹೇಗಿತ್ತು?

ನಮ್ಮ ಸೀಮೆಯ ಹಳ್ಳಿಗಳಲ್ಲಿ ಆಯಗಾರರ ಪದ್ಧತಿ ಇತ್ತು. ಕ್ಷೌರಿಕರು, ಅಗಸರು, ಕಮ್ಮಾರರು, ಬಡಗಿಗಳು ವರ್ಷವಿಡೀ ಊರಿನ ಕೆಲಸ ಮಾಡುತ್ತಿದ್ದರು. ಸುಗ್ಗಿ ಬಂದಾಗ ಅವರಿಗೆ ರಾಗಿ, ಭತ್ತ ಅಳೆದು ಕೊಡುತ್ತಿದ್ದರು. ಅದು 'ಆಯ', ಅಂದರೆ ಕೂಲಿ. ಮದುವೆ, ನಾಮಕರಣ ಬಂದಾಗ ಅಕ್ಕಿ, ಬೆಲ್ಲ, ತೆಂಗಿನಕಾಯಿ, ಎಲೆ ಅಡಿಕೆ, ಅದರ ಮೇಲೊಂದು ಕಾಸು ಕೊಡುತ್ತಿದ್ದರು. ಅದು ಖುಷಿ. ಎರಡೂ ಬೇರೆ ಬೇರೆ ಅನ್ನುವುದು ಹಿರಿಯರಿಗೆ ಗೊತ್ತಿತ್ತು.

ಹಾಗಂತ ಹಳೆಯದೆಲ್ಲ ಒಳ್ಳೆಯದು ಅಂತ ಹೇಳಕ್ಕಾಗಲ್ಲ. ಕೊಡುವವರು ಜಗಲಿ ಮೇಲೆ, ತಗೊಳ್ಳುವವರು ಅಂಗಳದಲ್ಲಿ. ಕೈಗೆ ಕೈ ತಾಗದಂತೆ ಮೇಲಿಂದ ಹಾಕುತ್ತಿದ್ದರು. ಎಷ್ಟು ಕೊಟ್ಟರೂ ಬಾಯಿ ಮುಚ್ಚಿಕೊಂಡು ತಗೋಬೇಕಿತ್ತು. ಕೊಟ್ಟ ಕೈ ದೊಡ್ಡದು, ಪಡೆದ ಕೈ ಚಿಕ್ಕದು ಅನ್ನುವ ಈ ಭಾವನೆ ಇನ್ನೂ ಪೂರ್ತಿ ಹೋಗಿಲ್ಲ.

ಹೆರಿಗೆ ವಾರ್ಡಿನ 'ಖುಷಿ'

ಪಾವಗಡ ತಾಲ್ಲೂಕಿನ ಸೂಲಗಿತ್ತಿ ನರಸಮ್ಮನವರು ಹದಿನೈದು ಸಾವಿರಕ್ಕೂ ಹೆಚ್ಚು ಹೆರಿಗೆಗಳನ್ನು ಹಣ ಪಡೆಯದೆ ಮಾಡಿಸಿದರು. 2018ರಲ್ಲಿ ಅವರಿಗೆ ಪದ್ಮಶ್ರೀ ಬಂತು, ಅದೇ ವರ್ಷ ಡಿಸೆಂಬರಿನಲ್ಲಿ ತೀರಿಕೊಂಡರು. ಎಲ್ಲರೂ ಅವರ ಹಾಗೆ ಬಿಟ್ಟಿ ಕೆಲಸ ಮಾಡಲಿ ಅಂತ ನಾವು ಹೇಳ್ತಿಲ್ಲ. ಅವರ ಹತ್ತಿರ ಯಾವ ತಾಯಿಯೂ ಹೆದರಿಕೊಂಡು ಹೋಗಬೇಕಾಗಿರಲಿಲ್ಲ, ಅದನ್ನು ನೆನಪಿಡೋಣ.

ಈಗ ಆಸ್ಪತ್ರೆಗೆ ಬನ್ನಿ. 'ಗಂಡು ಮಗು, ಖುಷಿ ಕೊಡ್ರವ್ವ' ಅಂತ ಕೇಳಿಸಿಕೊಳ್ಳದವರು ನಮ್ಮಲ್ಲಿ ಎಷ್ಟು ಜನ ಇದ್ದೀರಿ? ಗಂಡಾದರೆ ಒಂದು ರೇಟು, ಹೆಣ್ಣಾದರೆ ಇನ್ನೊಂದು ರೇಟು. ಹುಟ್ಟಿದ ಗಳಿಗೆಯಲ್ಲೇ ಹೆಣ್ಣುಮಗುವಿನ ಬೆಲೆ ಕಡಿಮೆ ಮಾಡುವ ಲೆಕ್ಕ ಇದು! ದುಡ್ಡು ಕೊಡದಿದ್ದರೆ ಬಟ್ಟೆ ಬದಲಾಯಿಸಲ್ಲ, ಸ್ಟ್ರೆಚರ್ ತಳ್ಳಲ್ಲ ಅನ್ನುವ ಭಯದಿಂದ ಕೊಟ್ಟ ಹಣ ಖುಷಿ ಹೇಗಾಗುತ್ತದೆ?

ಕಾನೂನು ಏನು ಹೇಳುತ್ತೆ ತಿಳ್ಕೊಳ್ಳಿ. 2011ರ ಜೂನ್ 1ರಂದು ಆರಂಭವಾದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದ ಪ್ರಕಾರ ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಸಿಸೇರಿಯನ್, ಔಷಧಿ, ಪರೀಕ್ಷೆ, ರಕ್ತ ಎಲ್ಲವೂ ಉಚಿತ. ಸಹಜ ಹೆರಿಗೆಗೆ 3 ದಿನ, ಸಿಸೇರಿಯನ್‌ಗೆ 7 ದಿನ ಊಟ ಉಚಿತ. ಮನೆಗೆ ಬಿಡುವ ವಾಹನವೂ ಉಚಿತ. ಸರ್ಕಾರಿ ನೌಕರರು ಮಾಡಲೇಬೇಕಾದ ಕೆಲಸಕ್ಕೆ ಹಣ ಕೇಳಿದರೆ ಅದು ಲಂಚ. 2018ರಲ್ಲಿ ಭ್ರಷ್ಟಾಚಾರ ತಡೆ ಕಾಯ್ದೆಗೆ ತಿದ್ದುಪಡಿಯಾದ ಮೇಲೆ ಲಂಚ ಕೊಡುವುದೂ ಅಪರಾಧ. ಬಲವಂತಕ್ಕೆ ಕೊಟ್ಟಿದ್ದರೆ 7 ದಿನದೊಳಗೆ ಪೊಲೀಸರಿಗೋ ಲೋಕಾಯುಕ್ತಕ್ಕೋ ತಿಳಿಸಿದವರಿಗೆ ರಕ್ಷಣೆ ಇದೆ. ಬಾಣಂತಿ ಒಬ್ಬಳೇ ಹೋಗಿ ದೂರು ಕೊಡೋದು ಕಷ್ಟ. ಸಂಘ ಜೊತೆಗೆ ನಿಲ್ಲಬೇಕು.

ಆದರೆ ಆ ಆಯಾ ಕೂಡ ನಮ್ಮಂಥ ಹೆಣ್ಣುಮಗಳೇ. ಹೊರಗುತ್ತಿಗೆ ಕೆಲಸ, ಕಡಿಮೆ ಸಂಬಳ, ಅದೂ ಕೆಲವು ಸಲ ತಡ. ಅವಳಿಗೆ ನ್ಯಾಯವಾದ ಸಂಬಳ ಸಿಗಬೇಕು ಅಂತ ಕೇಳುವುದೂ ನಮ್ಮ ಕೆಲಸವೇ. ಅವಳ ಸಂಬಳದ ಕೊರತೆಯನ್ನು ಬಡ ಬಾಣಂತಿಯ ಸೆರಗಿನ ಗಂಟಿನಿಂದ ತುಂಬಿಸುವುದು ಸರಿಯಲ್ಲ.

ಸಂಬಳದ ಬದಲಿಗೆ ಸೀರೆ

ಚಾಮರಾಜನಗರ, ಮೈಸೂರಿನ ಮನೆಗಳಲ್ಲಿ ಕೆಲಸ ಮಾಡುವವರು ಸಂಬಳ ಹೆಚ್ಚಿಸಿ ಅಂತ ಕೇಳಿದರೆ ಏನು ಉತ್ತರ ಬರುತ್ತೆ? 'ಹಬ್ಬಕ್ಕೆ ಸೀರೆ ಕೊಟ್ಟಿದ್ದೀವಲ್ಲ, ಉಳಿದ ತಿಂಡಿ ಕೊಡ್ತೀವಲ್ಲ!' ಹಬ್ಬದ ಸೀರೆ ಪ್ರೀತಿ, ಸಂಬಳ ಹಕ್ಕು. ಮನೆಗೆಲಸದವರನ್ನು ಕನಿಷ್ಠ ವೇತನದ ವ್ಯಾಪ್ತಿಗೆ ತಂದ ಮೊದಲ ರಾಜ್ಯ ನಮ್ಮ ಕರ್ನಾಟಕ, 2004ರಲ್ಲಿ. ಇದು ಕೆಲಸ ಮಾಡುವವರಿಗೂ ಗೊತ್ತಿಲ್ಲ, ಮಾಡಿಸಿಕೊಳ್ಳುವವರಿಗೂ ಗೊತ್ತಿಲ್ಲ.

ಟಿಪ್ಸನ್ನೇ ಸಂಬಳ ಮಾಡಿದರೆ ಏನಾಗುತ್ತೆ ಅನ್ನೋದಕ್ಕೆ ಅಮೆರಿಕವನ್ನು ನೋಡಿ. ಅಲ್ಲಿನ ಕೇಂದ್ರ ಕಾನೂನಿನಲ್ಲಿ ಕನಿಷ್ಠ ವೇತನ ಗಂಟೆಗೆ 7.25 ಡಾಲರ್. ಆದರೆ ಟಿಪ್ಸ್ ಪಡೆಯುವ ಕೆಲಸಗಾರರಿಗೆ ಮಾಲೀಕರು ಕೈಯಿಂದ ಕೊಡಬೇಕಾದದ್ದು 2.13 ಡಾಲರ್ ಮಾತ್ರ. 1991ರಿಂದ ಅದು ಏರಿಯೇ ಇಲ್ಲ. ಉಳಿದದ್ದು ಗಿರಾಕಿಯ ಟಿಪ್ಸಿನಿಂದ ತುಂಬಬೇಕು. ಕೆಲವು ರಾಜ್ಯಗಳಲ್ಲಿ ಇದಕ್ಕಿಂತ ಹೆಚ್ಚು ಇದೆ, ಆದರೂ ಗಿರಾಕಿಯ ಮುಖ ನೋಡಿ ನಗುತ್ತಾ ದುಡಿಯಬೇಕು. ಹೆಣ್ಣುಮಕ್ಕಳು ಅವಮಾನವಾದರೂ ನುಂಗಿಕೊಳ್ಳಬೇಕಾಗುತ್ತದೆ.

ನಮ್ಮೂರಿನ ಕಡೆ

ಬಿಳಿಗಿರಿರಂಗನಬೆಟ್ಟ 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯಿತು. ಕಾಡು ನೋಡಲು ಬರುವ ಪ್ರವಾಸಿಗರು ಜೀಪಿನ ಡ್ರೈವರ್‌ಗೆ ಟಿಪ್ಸ್ ಕೊಡ್ತಾರೆ. ಒಳಗೆ ಅಡುಗೆ ಮಾಡಿದವಳು, ಪಾತ್ರೆ ತೊಳೆದವಳು, ಹಾಸಿಗೆ ಹಾಸಿದವಳು ಅವರ ಕಣ್ಣಿಗೇ ಬೀಳಲ್ಲ. ಅಂಥ ಕೆಲಸದಲ್ಲಿರುವವರು ಒಂದು ಸಾಮೂಹಿಕ ಡಬ್ಬಿ ಇಡಿಸಿ, ಎಲ್ಲರ ಎದುರು ಎಣಿಸಿ ಹಂಚಿಕೊಳ್ಳಲಿ. ಲೆಕ್ಕ ಬರೆಯೋದು ನಮಗೆ ಹೊಸದಲ್ಲ. ಇನ್ನೊಂದು ಮಾತು: ಅಂಗಡಿಯ ಕ್ಯೂಆರ್ ಕೋಡಿಗೆ ಹಾಕಿದ ಟಿಪ್ಸ್ ಮಾಲೀಕರ ಖಾತೆಗೆ ಹೋಗುತ್ತೆ. ಪಾರ್ಲರಿನ ಹುಡುಗಿಗೆ ಕೊಡಬೇಕು ಅನ್ನಿಸಿದರೆ ಅವಳ ಕೈಗೇ ಕೊಡಿ.

ಮೂರು ಪ್ರಶ್ನೆ

ಹಣ ಕೊಡುವ ಮೊದಲು ಕೇಳಿಕೊಳ್ಳೋಣ:

1. ಕೂಲಿ ಪೂರ್ತಿ ಕೊಟ್ಟಾಯಿತೇ?
2. ಕೆಲಸ ಮುಗಿದ ಮೇಲೆ, ಕೇಳದೆ ಕೊಡುತ್ತಿದ್ದೇವೆಯೇ?
3. ಕೊಡದಿದ್ದರೂ ಅದೇ ಸೇವೆ, ಅದೇ ಮರ್ಯಾದೆ ಸಿಗುತ್ತದೆಯೇ?

ಮೂರಕ್ಕೂ ಹೌದು ಅಂದರೆ ಸಂತೋಷವಾಗಿ ಕೊಡಿ. ಹತ್ತು ರೂಪಾಯಿಯಾದರೂ ಹೆಸರು ಕರೆದು, ಕೈಗೆ ಕೊಡಿ. ಇಲ್ಲ ಅಂದರೆ ಅದು ಬಾಕಿ ಕೂಲಿ, ಇಲ್ಲವೇ ಲಂಚ. ಬಾಕಿ ಕೂಲಿಯನ್ನು ತೀರಿಸಬೇಕು, ಲಂಚವನ್ನು ನಿಲ್ಲಿಸಬೇಕು.

ಮುಂದಿನ ವಾರದ ಸಭೆಯಲ್ಲಿ ಈ ಮೂರು ಪ್ರಶ್ನೆಗಳನ್ನು ನಡಾವಳಿ ಪುಸ್ತಕದಲ್ಲಿ ಬರೆದುಕೊಳ್ಳಿ. ನಿಮ್ಮ ಸಂಘದಲ್ಲಿ ಈ ವರ್ಷ ಹೆರಿಗೆಗೆ ಹೋಗುವವರು ಯಾರು, ಅವರ ಜೊತೆ ಆಸ್ಪತ್ರೆಗೆ ಹೋಗುವ ಇಬ್ಬರು ಸದಸ್ಯೆಯರು ಯಾರು ಅಂತ ಅಂದೇ ತೀರ್ಮಾನಿಸಿ.