ಎಂಜಿನಿನ ಎಣ್ಣೆಯ ಪಾತ್ರೆ

(ಸಂಘದ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣ)



ಇಂತಹ ಸಭೆಗಳಲ್ಲಿ ವಿದ್ಯೆಯನ್ನೂ ನಾಡುನುಡಿಗಳನ್ನೂ ಕುರಿತು ನಾಲ್ಕು ಮಾತುಗಳನ್ನಾಡುವುದು ವಾಡಿಕೆ. ಆ ವಿಷಯಗಳಲ್ಲಿ ನಮಗಿಂತ ಬಲ್ಲವರು ಈ ವೇದಿಕೆಯ ಮೇಲೆಯೇ ಇದ್ದಾರೆ. ನಾವು ಹೊರೆ ಸಾಗಿಸುತ್ತ ದಾರಿಯಲ್ಲಿ ಕಾಲ ಕಳೆದವರು. ಆದುದರಿಂದ ನಮ್ಮ ಅನುಭವಕ್ಕೆ ಬಂದ ಒಂದು ವಸ್ತುವನ್ನೇ ಇಂದಿನ ಮಾತಿಗೆ ಆರಿಸಿಕೊಂಡಿದ್ದೇವೆ. ಅದು ಎಂಜಿನಿನ ತಳದಲ್ಲಿರುವ ಎಣ್ಣೆಯ ಪಾತ್ರೆ. ಪುಸ್ತಕಗಳಲ್ಲಿ ಅದಕ್ಕೆ ಸಂಪ್ ಎಂದು ಹೆಸರು. ನಮ್ಮ ಗ್ಯಾರೇಜುಗಳಲ್ಲಿ ಆಯಿಲ್ ಚೇಂಬರ್ ಎನ್ನುವರು. ಬಂಡಿ ಕೊಳ್ಳುವವರು ಬಣ್ಣವನ್ನು ನೋಡುವರು, ಟೈರನ್ನು ಒತ್ತಿ ನೋಡುವರು. ನೆಲಕ್ಕೆ ಬಗ್ಗಿ ಚೇಂಬರನ್ನು ನೋಡುವವರು ವಿರಳ. ನಾವೂ ನೋಡದವರ ಪೈಕಿಯೇ. ಅದಕ್ಕಾಗಿ ತೆತ್ತ ದಂಡವೇ ಈ ಭಾಷಣಕ್ಕೆ ಕಾರಣ.

ಎಂಜಿನಿನೊಳಗೆ ಕ್ರ್ಯಾಂಕ್ ಷಾಫ್ಟು ಮಿನಿಟಿಗೆ ಸಾವಿರಾರು ಸುತ್ತು ತಿರುಗುವುದು. ಅದು ಬೇರಿಂಗಿನ ಲೋಹವನ್ನು ಮುಟ್ಟದಂತೆ ಕಾಯುವುದು ಕೂದಲಿಗಿಂತ ತೆಳುವಾದ ಎಣ್ಣೆಯ ಪದರ. ಚೇಂಬರಿನ ತಳದಲ್ಲಿ ಸ್ಟ್ರೈನರ್ ಎಂಬ ಜರಡಿಯ ಬಾಯಿ ಇರುತ್ತದೆ. ಅದರ ಮೂಲಕ ಪಂಪು ಎಣ್ಣೆಯನ್ನು ಹೀರಿ ಮೇಲಕ್ಕೆ ಕಳುಹಿಸುವುದು. ಕೆಲಸ ಮುಗಿಸಿದ ಎಣ್ಣೆ ಪುನಃ ಚೇಂಬರಿಗೆ ಇಳಿದು ಬರುವುದು. ಬೋರ್‌ವೆಲ್ಲಿನಲ್ಲಿ ನೀರು ಇಳಿದಾಗ ಪಂಪು ಗಾಳಿಯನ್ನೆಳೆಯುವುದನ್ನು ನಮ್ಮ ಸೀಮೆಯ ರೈತರಿಗೆ ವಿವರಿಸಿ ಹೇಳಬೇಕಾಗಿಲ್ಲ. ಅಲ್ಲಿ ಮೋಟಾರು ಸುಡುವುದು. ಇಲ್ಲಿ ಬೇರಿಂಗು ಸುಡುವುದು.

ನಮ್ಮಲ್ಲಿ ಒಂದು ಹಳೆಯ ಜೀಪು ಪಿಕಪ್ಪು ಇದೆ. ಹಿರಿಯರು ಕೊಂಡದ್ದು. ವಿಲ್ಲೀಸ್ ಜೀಪಿನ ಪರಂಪರೆಯ 2.2 ಲೀಟರಿನ ನಾಲ್ಕು ಸಿಲಿಂಡರುಗಳ ಪೆಟ್ರೋಲ್ ಎಂಜಿನು ಅದರಲ್ಲಿತ್ತು. ಆ ಎಂಜಿನಿನ ಚೇಂಬರು ಹಿಡಿಯುತ್ತಿದ್ದುದು ಸುಮಾರು 3.8 ಲೀಟರು ಎಣ್ಣೆ. ಅದರ ಸ್ಟ್ರೈನರು ಎಣ್ಣೆಯ ಮೇಲೆ ತೇಲುತ್ತ, ಎಣ್ಣೆ ಏರಿದರೆ ಏರಿ ಇಳಿದರೆ ಇಳಿಯುವಂತೆ ರಚಿತವಾಗಿತ್ತು. ತಳದ ಕೆಸರನ್ನು ಮುಟ್ಟದೆ ಮೇಲಿನ ತಿಳಿ ಎಣ್ಣೆಯನ್ನು ಹೀರುವ ಜಾಣತನ ಅದು. ಆ ಬಂಡಿಗೆ ಆ ಎಂಜಿನು, ಆ ಎಂಜಿನಿಗೆ ಆ ಪಾತ್ರೆ ಎಂದು ಯೋಚಿಸಿ ಮಾಡಿದ್ದರು.

ಎಂಜಿನು ಸವೆದುಹೋದಾಗ ನಮಗೆ ಹೆಚ್ಚಿನ ಬಲದ ಆಸೆ ಹುಟ್ಟಿತು. 1988ರ ಮೋಟಾರು ವಾಹನಗಳ ಕಾಯಿದೆಯ 52ನೆಯ ಕಲಮಿಗೆ ಅನುಸಾರವಾಗಿ ನೋಂದಣಿ ಅಧಿಕಾರಿಗಳ ಅನುಮತಿಯನ್ನು ಪಡೆದು, ಟರ್ಬೊ ಜೋಡಿಸಿದ ಡೀಸೆಲ್ ಎಂಜಿನೊಂದನ್ನು ಕೂರಿಸಲು ಕೊಟ್ಟೆವು. ಹೊಸ ಎಂಜಿನಿನ ಚೇಂಬರು ಮುಂದಿನ ಆಕ್ಸಲಿಗೆ ತಾಗಿತು. ಕೆಲಸದವರು ತಾಗಿದಷ್ಟನ್ನು ಕತ್ತರಿಸಿ, ತಗಡು ಬೆಸೆದು, ಒಳಗಿದ್ದ ಅಡ್ಡತಗಡುಗಳನ್ನು ಅಡ್ಡಿಯೆಂದು ಕಿತ್ತು ಹಾಕಿದರು. 6 ಲೀಟರಿನ ಪಾತ್ರೆ 4 ಲೀಟರಿನದಾಯಿತು. ಎಂಜಿನು ಸೊಗಸಾಗಿ ಹೊತ್ತಿಕೊಂಡಿತು; ನಾವು ಸಂತೋಷಪಟ್ಟೆವು.

ಆ ಷೆಡ್ಡಿನಲ್ಲಿ ಕೆಲಸ ಕಲಿಯುತ್ತಿದ್ದ ಹುಡುಗನೊಬ್ಬನಿದ್ದ. ಕನ್ನಡ ಶಾಲೆಯಲ್ಲಿ ಹತ್ತನೆಯ ತರಗತಿ ಓದಿದವನು. ನಾವು ಹೊರಡುವಾಗ ಹತ್ತಿರ ಬಂದು, “ಅಣ್ಣಾ, ಬ್ರೇಕು ಹಿಡಿದಾಗಲೆಲ್ಲ ಕೆಂಪು ದೀಪ ಮಿನುಗ್ತಾ ಇದೆ. ಅದು ಸುಮ್ಮನೆ ಮಿನುಗಲ್ಲ” ಎಂದ. ವೈರು ಸಡಿಲವಾಗಿರಬಹುದೆಂದು ನಾವು ನಕ್ಕು ಹೊರಟೆವು.

ಶಾಲೆಯೊಂದಕ್ಕೆ ಸೇರಬೇಕಾದ ಬೆಂಚುಗಳನ್ನು ಹೇರಿಕೊಂಡು ಮಡಕಶಿರಾದಿಂದ ರಾಯದುರ್ಗಕ್ಕೆ ನಮ್ಮ ಪ್ರಯಾಣ. ಬಹುಕಾಲ ಎರಡು ಊರುಗಳೂ ಅನಂತಪುರ ಜಿಲ್ಲೆಯವೇ ಆಗಿದ್ದವು. 2022ರಿಂದ ಮಡಕಶಿರಾ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದೆ. ಪಾವಗಡ, ಕಲ್ಯಾಣದುರ್ಗಗಳ ಮೇಲೆ ಹೋದರೆ ಆಂಧ್ರದಿಂದ ಕರ್ನಾಟಕಕ್ಕೆ ಬಂದು ಮತ್ತೆ ಆಂಧ್ರವನ್ನು ಹೊಗಬೇಕು. ಇಳಿಜಾರು ಬಂದಾಗಲೆಲ್ಲ ದೀಪ ಮಿನುಗಿತು. ಪಾವಗಡ ದಾಟಿದ ಮೇಲೆ ಎಂಜಿನಿನ ಒಳಗಿಂದ ಸುತ್ತಿಗೆಯ ಪೆಟ್ಟಿನಂತಹ ಸದ್ದು ಕೇಳಿಸಿತು. ಕಲ್ಯಾಣದುರ್ಗವನ್ನು ಮುಟ್ಟುವ ಮೊದಲೇ ಎಂಜಿನು ನಿಂತಿತು. ಬೇರಿಂಗುಗಳು ಕರಗಿ ಷಾಫ್ಟು ಹಾಳಾಗಿತ್ತು. ಬೆಂಚುಗಳು ಬೇರೆ ಬಂಡಿಯಲ್ಲಿ ಹೋದವು. ಒಂದು ಎಂಜಿನಿನ ಬೆಲೆ ಮಣ್ಣುಪಾಲಾಯಿತು.

ಎರಡನೆಯ ಸಲ ನಾವು ಮೂರು ಪ್ರಶ್ನೆಗಳನ್ನು ಕೇಳಿಕೊಂಡೆವು. ಅವನ್ನೇ ನಿಮ್ಮ ಮುಂದೆ ಇಡುತ್ತೇವೆ.

ಮೊದಲನೆಯದು, ಎಂಜಿನಿಗೆ ಎಷ್ಟು ಎಣ್ಣೆ ಬೇಕು? ಪಂಪು ಮಿನಿಟಿಗೆ 30 ಲೀಟರು ಎತ್ತುವುದೆಂದು ಇಟ್ಟುಕೊಳ್ಳಿ. 5 ಲೀಟರು ಎಣ್ಣೆ 10 ಸೆಕೆಂಡಿಗೊಮ್ಮೆ ಒಂದು ಸುತ್ತು ಮುಗಿಸಬೇಕು. ಬಲವಾದ ಎಂಜಿನಿನಲ್ಲಿ ಎಣ್ಣೆ ಹೆಚ್ಚು ಕಾಯುವುದು. ಒಂದಿಷ್ಟು ಎಣ್ಣೆ ಮೇಲೆಯೇ ಉಳಿದಿರುವುದು. ಟರ್ಬೊವಿನ ಬೇರಿಂಗಿಗೂ ಅದೇ ಎಣ್ಣೆ. ಅಲ್ಲಿಂದ ಅದು ತನ್ನ ಭಾರದಿಂದಲೇ ಇಳಿದು ಬರಬೇಕಾದುದರಿಂದ, ಹಿಂದಿರುಗುವ ಕೊಳವೆ ಚೇಂಬರಿನ ಎಣ್ಣೆಯ ಮಟ್ಟಕ್ಕಿಂತ ಮೇಲೆಯೇ ಸೇರತಕ್ಕದ್ದು. ಹಾಗೆಂದು ಮಿತಿ ಮೀರಿ ಸುರಿಯಲೂಬಾರದು. ಷಾಫ್ಟು ಎಣ್ಣೆಯಲ್ಲಿ ಮುಳುಗಿದರೆ ಮಜ್ಜಿಗೆ ಕಡೆದಂತೆ ನೊರೆ ಏಳುವುದು. ನೊರೆಯೆಂದರೆ ಅರ್ಧ ಗಾಳಿ; ಅದು ಬೇರಿಂಗನ್ನು ಕಾಯದು.

ಎರಡನೆಯದು, ಕೆಳಗೆ ಎಷ್ಟು ಜಾಗವಿದೆ? ನಿಂತ ಬಂಡಿಯಲ್ಲಿ ಅಳೆದರೆ ಸಾಲದು. ಹೊರೆ ಹೇರಿ ಗುಂಡಿಗೆ ಇಳಿದಾಗ ಪಟ್ಟಿ ಸ್ಪ್ರಿಂಗು ಪೂರ್ತಿ ಒತ್ತಿ ಆಕ್ಸಲು ಎಲ್ಲಿಗೆ ಏರುವುದೋ ಅಲ್ಲಿಂದ ಅಳೆಯಬೇಕು. ಸ್ಟೀರಿಂಗನ್ನು ಎರಡು ಕಡೆಗೂ ಪೂರ್ತಿ ತಿರುಗಿಸಿ ನೋಡಬೇಕು. ಜಾಗ ಸಾಲದಿದ್ದರೆ ಆಳವನ್ನು ಬಿಟ್ಟು ಅಗಲವನ್ನು ಹಿಡಿಯಬಹುದು. ಇದು ಐದನೆಯ ತರಗತಿಯ ಲೆಕ್ಕ. ತಳ 25 ಸೆಂ.ಮೀ. ಉದ್ದ, 20 ಸೆಂ.ಮೀ. ಅಗಲವಿದ್ದರೆ 1 ಲೀಟರು ಹೆಚ್ಚಿಸಲು 2 ಸೆಂ.ಮೀ. ಕೆಳಕ್ಕೆ ಇಳಿಸಬೇಕು. ಬದಲಿಗೆ ಎರಡು ಬದಿಗಳಲ್ಲಿಯೂ 20 ಸೆಂ.ಮೀ. ಉದ್ದದ, 5 ಸೆಂ.ಮೀ. ಅಗಲ ಮತ್ತು ಎತ್ತರದ ಒಂದೊಂದು ಗೂಡನ್ನು ಬೆಸೆದರೆ ಅದೇ 1 ಲೀಟರು ದೊರೆಯುವುದು. ನೆಲಕ್ಕೆ ಒಂದು ಕೂದಲಿನಷ್ಟೂ ಹತ್ತಿರವಾಗುವುದಿಲ್ಲ.

ಅಮೆರಿಕದಲ್ಲಿ ಹಳೆಯ ಪಿಕಪ್ಪುಗಳಿಗೆ ಷೆವ್ರೊಲೆಯ ಎಂಟು ಸಿಲಿಂಡರುಗಳ ಎಂಜಿನನ್ನು ಕೂರಿಸುವವರಿಗೂ ಇದೇ ತೊಡಕು. 1997ರಲ್ಲಿ ಬಂದ ಎಲ್.ಎಸ್. ಜಾತಿಯ ಎಂಜಿನುಗಳ ಚೇಂಬರು ಅಲ್ಯೂಮಿನಿಯಮ್ ಎರಕದ್ದು. ಗೇರ್‌ಬಾಕ್ಸಿಗೂ ಬೋಲ್ಟಿನಿಂದ ಬಿಗಿದು ಎಂಜಿನಿನ ಗಟ್ಟಿತನದಲ್ಲಿ ಪಾಲು ಪಡೆಯುವುದು. ಅಂತಹುದನ್ನು ಮನಬಂದಂತೆ ಕತ್ತರಿಸಲಾಗದು. ಬಂಡಿಗೆ ಒಪ್ಪುವ ಬೇರೆ ಚೇಂಬರನ್ನೇ ಆರಿಸಬೇಕು. ಎರಕದ ಚೇಂಬರು ಕಲ್ಲಿನ ಪೆಟ್ಟಿಗೆ ಬಿರಿಯಬಹುದು. ಉಕ್ಕಿನ ತಗಡಾದರೆ ತಗ್ಗುವುದು, ಬೆಸುಗೆಗೆ ಸುಲಭ. ಆದರೆ ತಗ್ಗಿದ ತಗಡು ಸ್ಟ್ರೈನರಿನ ಬಾಯನ್ನು ಮುಚ್ಚಬಹುದೆಂಬುದನ್ನು ಮರೆಯಬಾರದು. ನಮ್ಮ ಕಲ್ಲುದಾರಿಗಳನ್ನು ನೆನೆದು ನಾವು ಉಕ್ಕನ್ನೇ ಆರಿಸಿ, ಅಡಿಯಲ್ಲಿ ಒಂದು ಕಾಪಿನ ಹಲಗೆಯನ್ನು ಹಾಕಿಸಿದೆವು.

ಮೂರನೆಯದು, ಬಂಡಿ ಓಡುವಾಗ ಎಣ್ಣೆ ಎಲ್ಲಿರುವುದು? ನಾವು ಮೊದಲ ಸಲ ಕೇಳದೆ ಬಿಟ್ಟ ಪ್ರಶ್ನೆ ಇದೇ. ಭೂಮಿಯ ಆಕರ್ಷಣೆಯ ಅರ್ಧದಷ್ಟು ಬಲದಿಂದ ಬ್ರೇಕು ಹಿಡಿದರೆ ಎಣ್ಣೆಯ ಮೇಲ್ಮೈ ಸುಮಾರು 27 ಡಿಗ್ರಿ ಓರೆಯಾಗುವುದು. 40 ಸೆಂ.ಮೀ. ಉದ್ದದ ಪಾತ್ರೆಯ ಎರಡು ತುದಿಗಳಿಗೆ 20 ಸೆಂ.ಮೀ. ವ್ಯತ್ಯಾಸ! ಪಾತ್ರೆ ಅಷ್ಟು ಆಳವಿಲ್ಲದುದರಿಂದ ಎಣ್ಣೆ ಮುಂದಕ್ಕೆ ನುಗ್ಗಿ ಹಿಂಬದಿಯ ತಳ ಬರಿದಾಗುವುದು. ನಮ್ಮ ಸ್ಟ್ರೈನರು ಇದ್ದುದು ಆ ಹಿಂಬದಿಯಲ್ಲಿ. ನೀರಿನ ಟ್ಯಾಂಕರುಗಳ ಒಳಗೆ ಅಡ್ಡತಗಡುಗಳನ್ನು ಹಾಕುವುದೇತಕ್ಕೆ? ನೀರು ಒಮ್ಮೆಗೇ ಹೊಯ್ದಾಡಬಾರದೆಂದು. ಚೇಂಬರಿನಲ್ಲಿಯೂ ಹಾಗೆಯೇ. ಆಕ್ಸಲು ಮುಂದಿರುವುದರಿಂದ ನಾವು ಆಳದ ಭಾಗವನ್ನು ಹಿಂದೆಯೇ ಇರಿಸಿ, ಸ್ಟ್ರೈನರಿನ ಸುತ್ತ ತಗಡಿನ ಗೋಡೆ ಕಟ್ಟಿಸಿ, ಒಳಕ್ಕೆ ಮಾತ್ರ ತೆರೆಯುವ ಕೀಲಿನ ಬಾಗಿಲನ್ನಿಡಿಸಿದೆವು. ಎಣ್ಣೆ ಒಳಗೆ ಬರಬಹುದು, ಹೊರಗೆ ಓಡಲಾರದು.

ಕಡೆಯದಾಗಿ ಪರೀಕ್ಷೆ. ಸ್ಟ್ರೈನರಿನ ಬಾಯಿಗೆ ಜೇಡಿಮಣ್ಣಿನ ಉಂಡೆಯನ್ನಿಟ್ಟು, ಗ್ಯಾಸ್ಕೆಟ್ಟಿನೊಡನೆ ಚೇಂಬರನ್ನು ಬಿಗಿದು, ಬಿಚ್ಚಿ, ಅಪ್ಪಚ್ಚಿಯಾದ ಮಣ್ಣಿನ ದಪ್ಪವನ್ನು ಅಳೆಯಬೇಕು. 6ರಿಂದ 10 ಮಿ.ಮೀ. ಇದ್ದರೆ ಸರಿ. ಕಡಿಮೆಯಾದರೆ ಹೀರಲು ದಾರಿಯಿಲ್ಲ. ಬಹಳವಾದರೆ ಎಣ್ಣೆ ಸ್ವಲ್ಪ ಇಳಿದರೂ ಗಾಳಿ ಸೇರುವುದು. ಮಣ್ಣನ್ನು ತೊಳೆದು ತೆಗೆದು, ಷಾಫ್ಟನ್ನು ಕೈಯಿಂದ ಎರಡು ಸುತ್ತು ತಿರುಗಿಸಿ ಎಲ್ಲಿಯೂ ತಾಗದೆಂದು ನೋಡಬೇಕು. ಪಾತ್ರೆ ಬದಲಾದರೆ ಹಳೆಯ ಡಿಪ್‌ಸ್ಟಿಕ್ಕಿನ ಗೆರೆ ಸುಳ್ಳಾಗುವುದು. ಎಣ್ಣೆಯನ್ನು ಅಳೆದು ಸುರಿದು ಹೊಸ ಗೆರೆ ಕೊರೆಯಬೇಕು.

ಈ ಕೆಲಸಗಳನ್ನೆಲ್ಲ ನಮ್ಮ ಪಕ್ಕದಲ್ಲಿ ನಿಂತು ಮಾಡಿದವನು ಅದೇ ಹುಡುಗ. ನಾವು ಹೋಗಿ, “ತಮ್ಮಾ, ಅಂದು ನಿನ್ನ ಮಾತು ಕೇಳಲಿಲ್ಲ, ತಪ್ಪಾಯಿತು” ಎಂದು ಕರೆದುಕೊಂಡು ಬಂದೆವು. ಲೆಕ್ಕವನ್ನು ಅವನು ಕನ್ನಡದಲ್ಲಿಯೇ ಹಾಕಿದ; ಓರೆಯ ಕೋನವನ್ನು ಗೋಡೆಯ ಮೇಲೆ ಸೀಮೆಸುಣ್ಣದಿಂದ ಬರೆದು ತೋರಿಸಿದ. ಶಾಲೆಯಲ್ಲಿ ಕಲಿತುದು ಷೆಡ್ಡಿನಲ್ಲಿ ಕೆಲಸಕ್ಕೆ ಬಂದುದನ್ನು ಕಣ್ಣಾರೆ ಕಂಡೆವು. ಪಿಕಪ್ಪು ಈಗಲೂ ಓಡುತ್ತಿದೆ. ಇಳಿಜಾರಿನಲ್ಲಿ ಕೆಂಪು ದೀಪ ಮಿನುಗುವುದಿಲ್ಲ.

ವಿದ್ಯಾರ್ಥಿಗಳೆ, ಬಲವನ್ನು ಹೆಚ್ಚಿಸಿಕೊಳ್ಳುವಾಗ ಆ ಬಲವನ್ನು ತಾಳುವ ಪಾತ್ರೆಯನ್ನೂ ಅಳೆದು ನೋಡಿರಿ. ಹಿರಿಯರೆ, ಕೆಂಪು ದೀಪವನ್ನು ತೋರಿಸುವ ಕಿರಿಯನು ಬಂದರೆ ನಗದೆ ಬಂಡಿಯನ್ನು ನಿಲ್ಲಿಸಿರಿ.